20 ಲೀಟರ್ ಸಾಕಾ?

ಆಸ್ಟ್ರೇಲಿಯಾದ ಮರುಭೂಮಿಯ ಕಡೆ, ಮುಂಗೆರಾನಿಯಿಂದ ಬರ್ಡ್ಸ್‌ವಿಲ್‌ಗೆ 310 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ನಡುವೆ ಊರಿಲ್ಲ, ಬಂಕಿಲ್ಲ. ಟೀ ಅಂಗಡಿಯ ಮಾತಂತೂ ಬಿಡಿ. ನನ್ನ ಸುಜುಕಿ ಡಿಆರ್ 650 ಬೈಕಿಗೆ ಕಂಪನಿ ಕೊಟ್ಟ ಟ್ಯಾಂಕ್ 13 ಲೀಟರಿನದು. ಟಾರು ರಸ್ತೆಯಲ್ಲಿ ಹದವಾಗಿ ಓಡಿಸಿದರೆ ಲೀಟರಿಗೆ 20 ಕಿಲೋಮೀಟರ್ ಕೊಡುತ್ತದೆ. ಒಟ್ಟು 260. ಮಿಕ್ಕ ಐವತ್ತು ಚಿಲ್ಲರೆ ಕಿಲೋಮೀಟರ್ ತಳ್ಳಿಕೊಂಡೇ ಹೋಗಬೇಕು. ಬೈಕಿನ ತೂಕ 166 ಕೆಜಿ. ನೆಲ ಕಲ್ಲು ಮಣ್ಣು. ಬೇಸಿಗೆಯಲ್ಲಾದರೆ ಬಿಸಿಲು 45 ಡಿಗ್ರಿ.

ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ಹಾಕಿಕೊಳ್ಳಬೇಕು ಅನ್ನುವ ಯೋಚನೆ ಹುಟ್ಟಿದ್ದು ಇಷ್ಟು ಲೆಕ್ಕದಿಂದ. ಬೇಕೋ ಬೇಡವೋ ಅನ್ನುವುದು ತಕ್ಷಣ ತೀರ್ಮಾನವಾಯಿತು. ಎಷ್ಟು ದೊಡ್ಡದು ಬೇಕು ಅನ್ನುವುದಕ್ಕೆ ಮಾತ್ರ ಟ್ಯಾಂಕ್ ಕೂರಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಈ ಬರಹದಲ್ಲಿ ಸ್ಪ್ಯಾನರ್ ವಿಷಯ ಇದೆ, ಆದರೆ ಅದಕ್ಕಿಂತ ಜಾಸ್ತಿ ಇರುವುದು ಈ ಎರಡನೆಯ ಪ್ರಶ್ನೆ.

ನಾನು ಬೈಕ್ ಕಲಿತದ್ದು ಹಾಸನದ ಕಡೆ. ಅಲ್ಲಿ ಪೆಟ್ರೋಲ್ ಅಂದರೆ ದೂರದ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕ. 'ನೂರಕ್ಕೆ ಹಾಕಿ ಅಣ್ಣ' ಅನ್ನುತ್ತಿದ್ದೆವು. ಟ್ಯಾಂಕ್ ಎಷ್ಟು ಲೀಟರಿನದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅದನ್ನು ಯಾರೂ ತುಂಬಿಸಿ ನೋಡಿರಲಿಲ್ಲ. ರಿಸರ್ವ್‌ಗೆ ಬಂದರೆ ಓಡಿಸುತ್ತಲೇ ಬಗ್ಗಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತಿರುಗಿಸುವುದು. ಅದೂ ಮುಗಿದರೆ ಬೈಕನ್ನು ಕಾಕ್ ಇರುವ ಕಡೆಗೆ ಒರಗಿಸಿ, ನಾಲ್ಕು ಸಲ ಅಲ್ಲಾಡಿಸಿ, ಮತ್ತೆ ಕಿಕ್ ಹೊಡೆಯುವುದು. ಎರಡು ಕಿಲೋಮೀಟರ್ ಹೋಗುತ್ತಿತ್ತು. ಅಷ್ಟರಲ್ಲಿ ಬಂಕ್ ಬರುತ್ತಿತ್ತು. ಬರದಿದ್ದರೆ ಯಾವುದಾದರೂ ಪೆಟ್ಟಿಗೆ ಅಂಗಡಿಯಲ್ಲಿ ನೀರಿನ ಬಾಟಲಿಯಲ್ಲಿ ತುಂಬಿಟ್ಟ ಪೆಟ್ರೋಲ್ ಸಿಗುತ್ತಿತ್ತು, ಹತ್ತು ರೂಪಾಯಿ ಜಾಸ್ತಿ ಕೊಟ್ಟರೆ. ಪೆಟ್ರೋಲ್ ಇಲ್ಲದೆ ಸಾಯಬಹುದು ಅನ್ನುವ ಕಲ್ಪನೆಯೇ ನಮಗಿರಲಿಲ್ಲ.

ಬರ್ಡ್ಸ್‌ವಿಲ್ ಟ್ರ್ಯಾಕ್ ಆ ಕಲ್ಪನೆ ಕೊಡುವ ರಸ್ತೆ. ದಕ್ಷಿಣ ಆಸ್ಟ್ರೇಲಿಯಾದ ಮರೀ ಅನ್ನುವ ಊರಿನಿಂದ ಕ್ವೀನ್ಸ್‌ಲ್ಯಾಂಡ್ ಗಡಿ ದಾಟಿ ಬರ್ಡ್ಸ್‌ವಿಲ್‌ವರೆಗೆ 517 ಕಿಲೋಮೀಟರ್. ದನ ಹೊಡೆದುಕೊಂಡು ಬರಲು ಮಾಡಿಕೊಂಡ ದಾರಿ. ಮರೀಯಿಂದ ಸುಮಾರು 205 ಕಿಲೋಮೀಟರಿಗೆ ಮುಂಗೆರಾನಿ ಅನ್ನುವ ಒಂದು ಹೋಟೆಲು ಸಿಗುತ್ತದೆ. ಅಲ್ಲಿ ಪೆಟ್ರೋಲ್, ಊಟ, ಮಲಗಲು ಜಾಗ. ಅದು ಬಿಟ್ಟರೆ ಏನೂ ಇಲ್ಲ. 1963ರ ಡಿಸೆಂಬರಿನಲ್ಲಿ ಪೇಜ್ ಅನ್ನುವ ಒಂದು ಕುಟುಂಬ ಇದೇ ದಾರಿಯಲ್ಲಿ ದಿಕ್ಕು ತಪ್ಪಿತು. ಕಾರಿನಲ್ಲಿ ಪೆಟ್ರೋಲ್ ಮುಗಿಯಿತು, ಆಮೇಲೆ ನೀರು ಮುಗಿಯಿತು. ಗಂಡ, ಹೆಂಡತಿ, ಮೂವರು ಮಕ್ಕಳು, ಐವರೂ ಉಳಿಯಲಿಲ್ಲ. ಅವರ ಸಮಾಧಿ ಅಲ್ಲೇ ಇದೆ. ಈಗ ಸ್ಯಾಟಲೈಟ್ ಫೋನ್ ಇದೆ, ಓಡಾಡುವ ಗಾಡಿಗಳೂ ಜಾಸ್ತಿ. ಆದರೂ ಈ ಕಥೆ ಗೊತ್ತಿದ್ದವರು ಮುಂಗೆರಾನಿಯಲ್ಲಿ ಅರ್ಧ ಟ್ಯಾಂಕ್ ಹಾಕಿಸಿಕೊಂಡು ಹೊರಡುವುದಿಲ್ಲ.

ಮರೀ ಬಗ್ಗೆ ಇನ್ನೊಂದು ಮಾತು, ವಿಷಯ ಸ್ವಲ್ಪ ಆಚೀಚೆ ಆದರೂ. ಲಾರಿಗಳು ಬರುವ ಮುಂಚೆ ಈ ಕಡೆಗೆಲ್ಲ ಸಾಮಾನು ಹೋಗುತ್ತಿದ್ದದ್ದು ಒಂಟೆ ಮೇಲೆ. ಒಂಟೆ ಹೊಡೆಯುತ್ತಿದ್ದವರನ್ನು ಇಲ್ಲಿನವರು 'ಆಫ್ಘನ್ನರು' ಅಂತ ಕರೆದರೂ ಅವರಲ್ಲಿ ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯಿಂದ ಬಂದವರೂ ಬಹಳ ಜನ ಇದ್ದರು. ಅಂದರೆ ಆಗಿನ ಬ್ರಿಟಿಷ್ ಇಂಡಿಯಾದವರು. ಮರೀಯಲ್ಲಿ ಅವರು ಕಟ್ಟಿಕೊಂಡಿದ್ದ ಸಣ್ಣ ಮಸೀದಿಯ ಮಾದರಿಯೊಂದು ಈಗಲೂ ಇದೆ. ನಮ್ಮ ಕಡೆಯವರು ನನಗಿಂತ ನೂರು ವರ್ಷ ಮುಂಚೆಯೇ ಇಲ್ಲಿ ಬಾವಿಯಿಂದ ಬಾವಿಗೆ ಎಷ್ಟು ದೂರ ಅಂತ ಲೆಕ್ಕ ಹಾಕುತ್ತಿದ್ದರು ಅನ್ನುವುದು ನನಗೆ ಸುಮ್ನೆ ಖುಷಿ ಕೊಡುವ ವಿಷಯ.

ಸರಿ, ಟ್ಯಾಂಕ್ ವಿಷಯ. ದೂರ ಜಾಸ್ತಿ ಮಾಡಿಕೊಳ್ಳಲು ಮೂರು ದಾರಿ ಇದೆ. ಒಂದು, ಹಿಂದೆ ಕ್ಯಾರಿಯರ್ ಮೇಲೆ ಜೆರಿಕ್ಯಾನ್ ಕಟ್ಟುವುದು. ಅಗ್ಗ. ಆದರೆ ಹತ್ತು ಲೀಟರ್ ಪೆಟ್ರೋಲ್ ಅಂದರೆ ಏಳೂವರೆ ಕೆಜಿ, ಅದೂ ಹಿಂದಿನ ಚಕ್ರಕ್ಕಿಂತ ಹಿಂದೆ, ಎತ್ತರದಲ್ಲಿ. ಮರಳಿನಲ್ಲಿ ಬೈಕಿನ ಮೂತಿ ಹಗುರಾಗಿ ಎತ್ತ ಬೇಕಾದರೂ ತಿರುಗುತ್ತದೆ. ಎರಡು, ಮಡಚಿಡಬಹುದಾದ ರಬ್ಬರಿನಂಥ ಪೆಟ್ರೋಲ್ ಚೀಲ. ಖಾಲಿಯಾದ ಮೇಲೆ ಸುತ್ತಿ ಬ್ಯಾಗಿಗೆ ಹಾಕಬಹುದು. ಮೂರು, ಟ್ಯಾಂಕನ್ನೇ ಬದಲಿಸುವುದು. ಇದರಲ್ಲಿ ತೂಕ ಎಂಜಿನ್ನಿನ ಎರಡೂ ಪಕ್ಕ ಇಳಿದು ಕೂರುತ್ತದೆ, ಸವಾರನ ಮೊಣಕಾಲಿನ ಮುಂದೆ. ತೂಕ ಹೊರಲೇಬೇಕು ಅಂದರೆ ಅದಕ್ಕಿಂತ ಒಳ್ಳೆ ಜಾಗ ಬೈಕಿನಲ್ಲಿಲ್ಲ.

ಡಿಆರ್ 650 ಹಳೇ ಕಾಲದ ಬೈಕು. 1996ರಲ್ಲಿ ಈಗಿನ ರೂಪ ಬಂತು, ಆಮೇಲೆ ಹೆಚ್ಚು ಕಡಿಮೆ ಹಾಗೇ ಇದೆ. 644 ಸಿಸಿಯ ಒಂದೇ ಸಿಲಿಂಡರ್, ಗಾಳಿ ಮತ್ತು ಆಯಿಲ್‌ನಿಂದ ತಂಪಾಗುತ್ತದೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇದೆ, ಪೆಟ್ರೋಲ್ ಪಂಪ್ ಇಲ್ಲ, ಪೆಟ್ರೋಲ್ ಮುಳ್ಳೂ ಇಲ್ಲ. ಇಂಥ ಬೈಕಿಗೆ ಟ್ಯಾಂಕ್ ಬದಲಿಸುವುದು ಸುಲಭ. ಇಂಜೆಕ್ಷನ್ ಬೈಕಿನಲ್ಲಾದರೆ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಅದನ್ನು ಬಿಚ್ಚಿ ಹೊಸ ಟ್ಯಾಂಕಿಗೆ ಕೂರಿಸಬೇಕು, ಸೀಲ್ ಸರಿಯಾಗಿ ಕಚ್ಚಬೇಕು, ವೈರಿಂಗ್ ಇದೆ. ಇದರಲ್ಲಿ ಅದ್ಯಾವುದೂ ಇಲ್ಲ. ಮೇಲಿಂದ ಪೆಟ್ರೋಲ್ ತಾನಾಗಿ ಇಳಿಯುತ್ತದೆ.

ಈ ಬೈಕಿಗೆ 20 ಲೀಟರಿನ ಟ್ಯಾಂಕೂ ಸಿಗುತ್ತದೆ, 30 ಲೀಟರಿನದೂ ಸಿಗುತ್ತದೆ. ಇಲ್ಲೇ ನನ್ನ ತಲೆ ಕೆಟ್ಟಿದ್ದು.

30 ಲೀಟರ್ ಅನ್ನುವ ಅಂಕಿಗೆ ಒಂದು ಇತಿಹಾಸ ಇದೆ. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಡಕಾರ್‌ಗೆ ಮೊದಲ ರ‍್ಯಾಲಿ ಹೊರಟಿತು. ಸಹಾರಾ ದಾಟಿಕೊಂಡು ಹೋಗಿ ಮೊದಲು ತಲುಪಿದವನು ಯಮಾಹಾ ಎಕ್ಸ್‌ಟಿ 500 ಮೇಲಿದ್ದ ಸಿರಿಲ್ ನೆವೂ. ಆ ರ‍್ಯಾಲಿಯ ಬಿಸಿಯಲ್ಲೇ ಯಮಾಹಾ 1983ರಲ್ಲಿ ಎಕ್ಸ್‌ಟಿ 600 ಟೆನೆರೆ ಅನ್ನುವ ಬೈಕನ್ನು ಅಂಗಡಿಗೇ ತಂದಿತು, 30 ಲೀಟರ್ ಟ್ಯಾಂಕಿನ ಜೊತೆ. ಮರುವರ್ಷ ಬಿಎಂಡಬ್ಲ್ಯುನವರು ಆರ್80 ಜಿ/ಎಸ್‌ಗೆ 32 ಲೀಟರಿನ ಪ್ಯಾರಿಸ್ ಡಕಾರ್ ಮಾದರಿ ತಂದರು. 1988ರಲ್ಲಿ ಸುಜುಕಿಯದೇ ಡಿಆರ್ 750 ಬಿಗ್ ಬಂತು, 29 ಲೀಟರ್. ಕೊಂಡವರಲ್ಲಿ ಬಹಳ ಜನ ಸಹಾರಾ ಕಂಡವರೇ ಅಲ್ಲ, ಆಫೀಸಿಗೆ ಹೋಗಿ ಬರುವವರು. ದೊಡ್ಡ ಟ್ಯಾಂಕ್ ಅಂದರೆ ದೊಡ್ಡ ಸಾಹಸ ಅನ್ನುವ ನಂಬಿಕೆ ಆಗ ಕೂತಿದ್ದು ಇನ್ನೂ ಎದ್ದಿಲ್ಲ. ಈಗಿನ ರ‍್ಯಾಲಿ ಬೈಕುಗಳೂ 30 ಲೀಟರಿಗಿಂತ ಜಾಸ್ತಿ ಹೊರುತ್ತವೆ, ಮುಂದೆ ಹಿಂದೆ ಹಂಚಿಟ್ಟ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ. 2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ಮುಗಿಸಿದ ಮೊದಲ ಭಾರತೀಯ ಆದಾಗ ಅವರ ಕೆಟಿಎಂ ಕೂಡ ಹೀಗೇ ಪೆಟ್ರೋಲ್ ಹೊತ್ತಿತ್ತು. ಆದರೆ ಅವರು ಬೈಕ್ ಓಡಿಸುವ ರೀತಿ ಬೇರೆ, ನಾನು ಓಡಿಸುವ ರೀತಿ ಬೇರೆ. ಆ ಮೈಕಟ್ಟೂ ಬೇರೆ.

ಪ್ಲಾಸ್ಟಿಕ್ ಟ್ಯಾಂಕ್ ಮಾಡುವುದು ಹೇಗೆ ಅಂತ ತಿಳಿದಾಗ ನನಗೆ ನಗು ಬಂತು. ಇಟಲಿಯ ಅಚೆರ್ಬಿಸ್, ಅಮೆರಿಕದ ಐಎಂಎಸ್ ಮತ್ತು ಕ್ಲಾರ್ಕ್, ಆಸ್ಟ್ರೇಲಿಯಾದ್ದೇ ಆದ ಸಫಾರಿ, ಇವೆಲ್ಲ ಈ ಲೋಕದ ದೊಡ್ಡ ಹೆಸರುಗಳು. ಅಚೆರ್ಬಿಸ್ ಕಂಪನಿಯನ್ನು ಫ್ರಾಂಕೊ ಅಚೆರ್ಬಿಸ್ 1973ರಲ್ಲಿ ಬೆರ್ಗಾಮೊ ಹತ್ತಿರದ ಆಲ್ಬಿನೊದಲ್ಲಿ ಶುರುಮಾಡಿದರು. ಇಂಥ ಟ್ಯಾಂಕುಗಳನ್ನು ಸಾಮಾನ್ಯವಾಗಿ ಮಾಡುವ ವಿಧಾನ ಇದು: ಟೊಳ್ಳಾದ ಲೋಹದ ಅಚ್ಚಿನೊಳಗೆ ಪಾಲಿಎಥಿಲೀನ್ ಪುಡಿ ಸುರಿದು ಮುಚ್ಚುತ್ತಾರೆ. ಅದನ್ನು ಒಲೆಯೊಳಗೆ ಎರಡು ಕಡೆಗೆ ಒಟ್ಟಿಗೇ ಉರುಳಿಸುತ್ತಾರೆ. ಪುಡಿ ಕರಗಿ ಅಚ್ಚಿನ ಗೋಡೆಗೆಲ್ಲ ಒಂದೇ ಸಮ ಮೆತ್ತಿಕೊಳ್ಳುತ್ತದೆ. ತಣ್ಣಗಾದ ಮೇಲೆ ಬಿಚ್ಚಿದರೆ ಬೆಸುಗೆಯೇ ಇಲ್ಲದ ಒಂದು ಡಬ್ಬಿ. ನಮ್ಮೂರ ತಾರಸಿಗಳ ಮೇಲೆ ಕೂತಿರುವ ಕಪ್ಪು ಸಿಂಟೆಕ್ಸ್ ಟ್ಯಾಂಕ್ ಮಾಡುವುದೂ ಇದೇ ವಿಧಾನದಲ್ಲಿ. ಚಿಕ್ಕವನಿದ್ದಾಗ ಅದರ ನೆರಳಲ್ಲಿ ಕೂತು ಗಾಳಿಪಟ ಹಾರಿಸಿದವನು ನಾನು.

ಬೆಸುಗೆ ಇಲ್ಲದಿರುವುದು ದೊಡ್ಡ ಲಾಭ. ಬೈಕ್ ಬಿದ್ದರೆ ಕಬ್ಬಿಣದ ಟ್ಯಾಂಕ್ ತಗ್ಗಾಗುತ್ತದೆ, ಕೆಲವೊಮ್ಮೆ ಬೆಸುಗೆಯ ಹತ್ತಿರ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಬಗ್ಗಿ ವಾಪಸ್ ಬರುತ್ತದೆ, ಮೈ ತರಚಿಕೊಳ್ಳುತ್ತದೆ ಅಷ್ಟೆ. ತುಕ್ಕು ಹಿಡಿಯುವುದಿಲ್ಲ. ಅಚ್ಚು ಹೇಗಿದ್ದರೆ ಹಾಗೆ ಬರುವುದರಿಂದ ಬೈಕಿನ ಸಂದುಗೊಂದುಗಳಿಗೆಲ್ಲ ಹೊಟ್ಟೆ ಇಳಿಬಿಡಬಹುದು. ಕಬ್ಬಿಣದ ತಗಡಿನಲ್ಲಿ ಅಂಥ ಆಕಾರ ತೆಗೆಯುವುದು ಬಹಳ ಕಷ್ಟ.

ಕೊನೆಗೆ ನಾನು ಕೊಂಡಿದ್ದು 20 ಲೀಟರಿನದು, ಬಣ್ಣ ಹಾಕದ ಹಾಲುಬಿಳಿ. ಯಾಕೆ ಅಂತ ಹೇಳುತ್ತೇನೆ. ಮೊದಲು ಕೂರಿಸಿದ್ದು ಹೇಗೆ ಅನ್ನುವುದು ಮುಗಿಸಿಬಿಡೋಣ.

ಸೀಟು ಬಿಚ್ಚಿ, ಹಳೇ ಟ್ಯಾಂಕಿನ ಪೆಟ್ರೋಲ್ ಇಳಿಸಿ, ಬೋಲ್ಟ್ ತೆಗೆದು ಎತ್ತಿದರೆ ಹಳೇದು ಬಂತು. ಹೊಸ ಟ್ಯಾಂಕನ್ನು ತಕ್ಷಣ ಕೂರಿಸಬಾರದು. ಒಳಗೆ ಕೈಬೆರಳು ಆಡಿಸಿದರೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಸಿಬಿರು ಸಿಗುತ್ತದೆ, ಅಚ್ಚಿನಿಂದ ತೆಗೆದು ತೂತು ಕೊರೆದಾಗ ಉಳಿದದ್ದು. ಒಂದು ಲೀಟರ್ ಪೆಟ್ರೋಲ್ ಹಾಕಿ, ಕುಲುಕಿ, ಬಟ್ಟೆಯಲ್ಲಿ ಸೋಸಿ ನೋಡಿದೆ. ಬಟ್ಟೆಯ ಮೇಲೆ ಬಿಳಿ ಸುರುಳಿಗಳು, ತೆಂಗಿನಕಾಯಿ ತುರಿಯ ಹಾಗೆ. ಅದರಲ್ಲಿ ಒಂದು ಚೂರು ಕಾರ್ಬ್ಯುರೇಟರಿನ ಸೂಜಿಗೆ ಸಿಕ್ಕಿಕೊಂಡರೆ ಸಾಕು, ಮರುಭೂಮಿಯ ನಡುವೆ ಕೂರಿಸಿಬಿಡುತ್ತದೆ. ಬಟ್ಟೆ ಪೂರ್ತಿ ಚೊಕ್ಕಟ ಬರುವವರೆಗೆ ತೊಳೆದೆ. ಆಮೇಲೂ ಪೈಪಿನ ನಡುವೆ ಒಂದು ಫಿಲ್ಟರ್ ಹಾಕಿದೆ.

ಇನ್ನೊಂದು ವಿಷಯ ಗೆಳೆಯನೊಬ್ಬ ಹೇಳಿಕೊಟ್ಟಿದ್ದ. ಪಾಲಿಎಥಿಲೀನ್ ಪೆಟ್ರೋಲ್ ಕುಡಿಯುತ್ತದೆ, ಕುಡಿದು ಊದಿಕೊಳ್ಳುತ್ತದೆ. ಹೊಸ ಟ್ಯಾಂಕ್ ಕೆಲವು ದಿನ ಪೆಟ್ರೋಲ್ ತುಂಬಿಕೊಂಡು ಕೂತರೆ ಅಳತೆ ಸ್ವಲ್ಪ ಬದಲಾಗುತ್ತದೆ. ಖಾಲಿ ಟ್ಯಾಂಕಿನಲ್ಲಿ ಸರಿಯಾಗಿ ಕೂತ ಬೋಲ್ಟ್ ತೂತು ಆಮೇಲೆ ಕೂರುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ, ಬೆಂಕಿ ಕಿಡಿಯಿಂದ ದೂರ, ತುಂಬಿಸಿ ಇಟ್ಟೆ. ಆಮೇಲೆ ಕೂರಿಸಿದಾಗ ಹಿಂದಿನ ತೂತು ನಿಜಕ್ಕೂ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಸ್ಲಾಟ್ ಉದ್ದ ಇದ್ದದ್ದರಿಂದ ಬಚಾವ್.

ಕಾಕ್ ಜೋಡಿಸುವುದೇ ಇಡೀ ಕೆಲಸದ ನಾಜೂಕಿನ ಭಾಗ. ಪ್ಲಾಸ್ಟಿಕ್ಕಿಗೆ ನೇರ ಮರೆ, ಅಂದರೆ ಸ್ಕ್ರೂ ಕಚ್ಚುವ ಸುತ್ತುಗೆರೆ, ಹಾಕಲು ಆಗುವುದಿಲ್ಲ. ಅದಕ್ಕೆ ಅಚ್ಚಿನಲ್ಲೇ ಹಿತ್ತಾಳೆಯ ಸಣ್ಣ ಮರೆಗೂಡುಗಳನ್ನು ಹುದುಗಿಸಿರುತ್ತಾರೆ. ಸ್ಕ್ರೂ ಆ ಹಿತ್ತಾಳೆಗೆ ಹೋಗುತ್ತದೆ. ಕಬ್ಬಿಣದ ಮೇಲೆ ಬಿಗಿಯುವ ಹಾಗೆ ಬಿಗಿದರೆ ಹಿತ್ತಾಳೆಯೇ ಪ್ಲಾಸ್ಟಿಕ್ಕಿನೊಳಗೆ ತಿರುಗಿಬಿಡುತ್ತದೆ. ಅಲ್ಲಿಗೆ ಟ್ಯಾಂಕಿನ ಕಥೆ ಮುಗಿಯಿತು. ಹಾಗಾಗಿ ಉದ್ದ ಹಿಡಿಯ ಸ್ಪ್ಯಾನರ್ ಬದಿಗಿಟ್ಟು ಸಣ್ಣ ಸ್ಕ್ರೂ ಡ್ರೈವರಿನಿಂದ, ಎರಡು ಬೆರಳಿನ ಬಲದಲ್ಲಿ, ಅದೊಂದು ಸುತ್ತು ಇದೊಂದು ಸುತ್ತು. ಸೋರದಂತೆ ತಡೆಯುವ ರಬ್ಬರ್ ಬಳೆ, ಓರಿಂಗ್, ಒತ್ತಿಕೊಳ್ಳುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮೊದಲ ದಿನ ಕಾಕಿನ ಬುಡದಲ್ಲಿ ತೇವ ಕಂಡಿತು, ಹನಿ ಅಲ್ಲ, ಬರೀ ತೇವ. ಟಿಶ್ಯೂ ಒತ್ತಿ ನೋಡಿದರೆ ವಾಸನೆ. ಕಾಲು ಸುತ್ತು ಬಿಗಿದ ಮೇಲೆ ನಿಂತಿತು.

ಡಿಆರ್ 650ರ ಹಳೇ ಕಾಕ್ ಜಾಣ. ಎಂಜಿನ್ ಓಡುವಾಗ ಹುಟ್ಟುವ ಎಳೆತದಿಂದ ತಾನೇ ತೆರೆದುಕೊಳ್ಳುತ್ತದೆ, ಎಂಜಿನ್ ನಿಂತರೆ ತಾನೇ ಮುಚ್ಚಿಕೊಳ್ಳುತ್ತದೆ. ಹೊಸದು ಹಾಗಲ್ಲ, ಕೈಯಲ್ಲಿ ತಿರುಗಿಸುವ ಸಾದಾ ಕಾಕ್. ಇದರಿಂದ ಎರಡು ಕೆಲಸ ಹೆಚ್ಚಿಗೆ ಬೀಳುತ್ತದೆ. ಎಳೆತದ ಸಣ್ಣ ಪೈಪ್ ಹೋಗುತ್ತಿದ್ದ ಮೂತಿಗೆ ರಬ್ಬರ್ ಟೋಪಿ ಹಾಕಿ ಕ್ಲಿಪ್ ಬಿಗಿಯಬೇಕು. ಇಲ್ಲದಿದ್ದರೆ ಅಲ್ಲಿಂದ ಗಾಳಿ ಕದ್ದು ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿ ಏರುತ್ತದೆ. ಎರಡನೆಯದು, ನಿಲ್ಲಿಸಿದಾಗೆಲ್ಲ ಕಾಕ್ ಮುಚ್ಚಬೇಕು. ಮುಚ್ಚದೆ ಬಿಟ್ಟು ಕಾರ್ಬ್ಯುರೇಟರಿನ ಸೂಜಿ ಸರಿಯಾಗಿ ಕೂರದಿದ್ದರೆ ರಾತ್ರಿಯೆಲ್ಲ ಪೆಟ್ರೋಲ್ ಎಂಜಿನ್ನಿಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಊರಲ್ಲಿ ಹಳೇ ಬೈಕ್ ಓಡಿಸಿದವರಿಗೆ ಇದು ಹೊಸದಲ್ಲ. ಕೈ ತಾನಾಗಿ ಹೋಗುತ್ತದೆ. ಇಲ್ಲಿನ ಗೆಳೆಯರಿಗೆ ಅದೇ ಮರೆಯುತ್ತದೆ.

ಮುಚ್ಚಳದ ಗಾಳಿ ಪೈಪನ್ನೂ ನೋಡಿಕೊಳ್ಳಬೇಕು. ಪೆಟ್ರೋಲ್ ಕಡಿಮೆಯಾದಷ್ಟು ಗಾಳಿ ಒಳಗೆ ಬರಬೇಕಲ್ಲ. ಪೈಪ್ ಮಡಚಿಕೊಂಡರೆ ಟ್ಯಾಂಕಿನ ಪಕ್ಕಗಳು ಒಳಕ್ಕೆ ಹೀರಿಕೊಂಡು ಎಂಜಿನ್ ಕೆಮ್ಮಲು ಶುರುಮಾಡುತ್ತದೆ. ಮುಚ್ಚಳ ತೆಗೆದರೆ 'ಉಸ್' ಅಂತ ಸದ್ದು ಬಂದು ಎಲ್ಲ ಸರಿಹೋಗುತ್ತದೆ.

ಈ ಟ್ಯಾಂಕಿನ ಮೇಲೆ ಸ್ಟಿಕರ್ ನಿಲ್ಲುವುದಿಲ್ಲ. ನನ್ನ ಮಗಳು ಪ್ರೀತಿಯಿಂದ ಅಂಟಿಸಿದ ಕೆಂಪು ಹಳದಿ ಪಟ್ಟಿ ಒಂದು ವಾರಕ್ಕೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಅಂಟಿನ ತಪ್ಪಲ್ಲ. ಪೆಟ್ರೋಲಿನ ಆವಿ ಪ್ಲಾಸ್ಟಿಕ್ಕಿನ ಗೋಡೆ ದಾಟಿ ಹೊರಗೆ ಬರುತ್ತಲೇ ಇರುತ್ತದೆ, ಬರಿಗಣ್ಣಿಗೆ ಕಾಣದಷ್ಟು. ಸ್ಟಿಕರ್ ಆ ಆವಿಗೆ ಅಡ್ಡ ನಿಲ್ಲುತ್ತದೆ, ಆವಿ ಅದನ್ನು ಎಬ್ಬಿಸುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಬೈಕ್ ನಿಲ್ಲಿಸಿದರೆ ಬೆಳಿಗ್ಗೆ ವಾಸನೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 2008ರ ಮಾದರಿಯಿಂದ ಹೊಸ ಬೈಕುಗಳ ಟ್ಯಾಂಕಿಗೆ ಇದಕ್ಕೊಂದು ಮಿತಿ ಹಾಕಿದ್ದಾರೆ: ಟ್ಯಾಂಕಿನ ಒಂದು ಚದರ ಮೀಟರಿಗೆ ದಿನಕ್ಕೆ 1.5 ಗ್ರಾಂ. ಅದಕ್ಕೆ ಪ್ಲಾಸ್ಟಿಕ್ಕಿನ ಒಳಮೈಗೆ ಫ್ಲೋರಿನ್ ಉಪಚಾರ ಕೊಡುವುದು, ನಡುವೆ ಬೇರೆ ಪದರ ಸೇರಿಸುವುದು, ಹೀಗೆ ಉಪಾಯಗಳಿವೆ. ಕಬ್ಬಿಣಕ್ಕೆ ಈ ತಾಪತ್ರಯವೇ ಇಲ್ಲ. ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ಹೊಗಳುವವರು ಇದನ್ನು ಹೇಳುವುದು ಕಡಿಮೆ, ಅದಕ್ಕೆ ನಾನು ಹೇಳುತ್ತಿದ್ದೇನೆ. ಕೆಳಗೆ ಗ್ಯಾರೇಜು, ಮೇಲೆ ಮಲಗುವ ಕೋಣೆ ಇರುವ ಮನೆಯಾದರೆ ಎರಡು ಸಲ ಯೋಚಿಸಿ.

ಈಗ 20 ಯಾಕೆ, 30 ಯಾಕಲ್ಲ ಅನ್ನುವುದು.

ನನ್ನ ಲೆಕ್ಕ ಹೀಗಿತ್ತು. ಮೈಲೇಜನ್ನು ಟಾರು ರಸ್ತೆಯ 20 ಅಂತ ಹಿಡಿಯಬಾರದು. ಜಲ್ಲಿ ರಸ್ತೆ, ಲಗೇಜು, ಎದುರು ಗಾಳಿ ಸೇರಿದರೆ 17. ಮೆತ್ತನೆ ಮರಳಾದರೆ 15ಕ್ಕೂ ಇಳಿಯುತ್ತದೆ. 20 ಲೀಟರಿಗೆ 17ರ ಲೆಕ್ಕದಲ್ಲಿ 340. ಮುಂಗೆರಾನಿಯಿಂದ ಬರ್ಡ್ಸ್‌ವಿಲ್ ಮುಟ್ಟಿ ಸ್ವಲ್ಪ ಉಳಿಯುತ್ತದೆ. ಆ 'ಸ್ವಲ್ಪ' ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ, ನಿಜ. ಜೊತೆಗೆ ಡಬ್ಬಿಯ ಮೇಲೆ ಬರೆದ 20 ಲೀಟರ್ ಪೂರ್ತಿ ಎಂಜಿನ್ನಿಗೆ ಸಿಗುವುದೂ ಇಲ್ಲ. ಟ್ಯಾಂಕಿನ ಎರಡು ಹೊಟ್ಟೆಗಳು ಚಾಸಿಯ ಎರಡೂ ಬದಿಗೆ ಇಳಿದಿರುತ್ತವೆ. ಕಾಕ್ ಒಂದೇ ಕಡೆ ಇದ್ದರೆ ಇನ್ನೊಂದು ಕಡೆಯ ತಳದಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಬಾಯಿಗಿಂತ ಕೆಳಗಿರುವ ಪೆಟ್ರೋಲ್ ತಾನಾಗಿ ಮೇಲೆ ಹತ್ತುವುದೂ ಇಲ್ಲ. ಆಗ ಏನು ಮಾಡುವುದು? ಬೈಕನ್ನು ಕಾಕ್ ಇರುವ ಕಡೆಗೆ ಪೂರ್ತಿ ಮಲಗಿಸಿ, ಆ ಕಡೆಯದನ್ನು ಈ ಕಡೆಗೆ ಹರಿಸುವುದು. ಊರಿನ ವಿದ್ಯೆ ಇಲ್ಲೂ ನಡೆಯುತ್ತದೆ.

ಹಾಗಾದರೆ 30 ಕೊಳ್ಳಬಹುದಿತ್ತಲ್ಲ? ಬೇಕಾದಾಗ ಮಾತ್ರ ತುಂಬಿಸಿ, ಬೇಡದಾಗ 15 ಹಾಕಿಕೊಂಡರಾಯಿತು. ಎಲ್ಲರೂ ಹೇಳುವುದು ಇದನ್ನೇ. ಕೇಳಲು ಸರಿಯಾಗಿದೆ. ಆದರೆ ಅರ್ಧ ತುಂಬಿದ 30 ಲೀಟರ್ ಟ್ಯಾಂಕಿನಲ್ಲಿ ಪೆಟ್ರೋಲಿಗೆ ಓಡಾಡಲು ಜಾಗ ಜಾಸ್ತಿ. ಬ್ರೇಕ್ ಹಿಡಿದರೆ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಬಡಿಯುತ್ತದೆ. ತೂಕ ಇಳಿದರೂ ಅಗಲ ಇಳಿಯುವುದಿಲ್ಲ. ನಿಂತು ಓಡಿಸುವಾಗ ಮೊಣಕಾಲು ಎರಡೂ ಅಗಲಕ್ಕೆ ಹೋಗುತ್ತವೆ, ಟ್ಯಾಂಕನ್ನು ತೊಡೆಯಲ್ಲಿ ಅಮುಕಿ ಹಿಡಿಯುವುದು ಕಷ್ಟ. ನನ್ನ ಎತ್ತರಕ್ಕಂತೂ ಆಗಿಬರುವುದಿಲ್ಲ. ತುಂಬಿಸಿದರೆ ಪೆಟ್ರೋಲೇ 22 ಕೆಜಿ ದಾಟುತ್ತದೆ. ಡಿಆರ್ 650ರ ಮುಂದಿನ ಸಸ್ಪೆನ್ಷನ್ ಮೊದಲೇ ಮೆತ್ತಗೆ. ಅಷ್ಟು ತೂಕಕ್ಕೆ ಸ್ಪ್ರಿಂಗ್ ಬದಲಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಇನ್ನು ಮನುಷ್ಯನ ಸ್ವಭಾವ ಒಂದಿದೆಯಲ್ಲ. ಒಂಟಿ ಬಂಕಿನ ಮುಂದೆ ನಿಂತಾಗ, ಟ್ಯಾಂಕಿನಲ್ಲಿ ಜಾಗ ಇದ್ದಾಗ, 'ಸಾಕು' ಅಂತ ಹೇಳುವವನನ್ನು ನಾನು ಇನ್ನೂ ನೋಡಿಲ್ಲ.

ಸಿಂಪ್ಸನ್ ಮರುಭೂಮಿ ದಾಟುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಮೌಂಟ್ ಡೇರ್‌ನಿಂದ ಬರ್ಡ್ಸ್‌ವಿಲ್‌ವರೆಗೆ 500 ಕಿಲೋಮೀಟರ್ ಮೇಲೆ, ಪೂರಾ ಮರಳಿನ ದಿಬ್ಬಗಳು, ಪೆಟ್ರೋಲ್ ಇಲ್ಲ. ಅಲ್ಲಿಗೆ 30 ಬೇಕು, ಅದೂ ಸಾಲದೆ ಇನ್ನಷ್ಟು ಬೇಕು. ನಾನು ಒಬ್ಬನೇ ಬೈಕಿನಲ್ಲಿ ಸಿಂಪ್ಸನ್ ದಾಟುವವನಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನನ್ನ ದಾರಿಗಳಲ್ಲಿ ಅತಿ ಉದ್ದದ ಖಾಲಿ ಜಾಗ ಎಷ್ಟು, ಅಲ್ಲಿ ಅತಿ ಕೆಟ್ಟ ಮೈಲೇಜ್ ಎಷ್ಟು, ಇವೆರಡೇ ಅಂಕಿ ಸಾಕು. ಅದಕ್ಕೂ ಮೇಲೆ ಮೂರು ಲೀಟರಿನ ಒಂದು ಚೀಲ. ಅದು ತುಂಬುವುದು ಆ ಒಂದು ತುಂಡಿಗೆ ಮಾತ್ರ, ಮಿಕ್ಕ ವರ್ಷವೆಲ್ಲ ಬ್ಯಾಗಿನ ತಳದಲ್ಲಿ ಮಡಚಿಕೊಂಡಿರುತ್ತದೆ.

ಬಿಳಿ ಟ್ಯಾಂಕೇ ಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣ ಪೆಟ್ರೋಲ್ ಕಾಣುತ್ತದೆ ಅನ್ನುವುದು. ಬಿಸಿಲು ಆ ಕಡೆಯಿಂದ ಬಿದ್ದಾಗ ಒಳಗೆ ಜೇನಿನ ಬಣ್ಣದ ಒಂದು ಗೆರೆ. ಬೈಕ್ ವಾಲಿದರೆ ಗೆರೆ ನೆಲಕ್ಕೆ ಸಮವಾಗಿಯೇ ನಿಲ್ಲುತ್ತದೆ, ಟ್ಯಾಂಕ್ ಮಾತ್ರ ಅದರ ಸುತ್ತ ಓರೆಯಾಗುತ್ತದೆ. ಪ್ರತಿ ಎರಡು ಲೀಟರ್ ಹಾಕಿದಾಗ ಒಂದೊಂದು ಗೀಟು ಎಳೆದುಕೊಂಡೆ, ಮಾರ್ಕರ್ ಪೆನ್ನಿನಲ್ಲಿ. ಬೆಲೆಬಾಳುವ ಬೈಕಿನ ಡಿಜಿಟಲ್ ಮುಳ್ಳು ಕೂಡ ಇಷ್ಟು ನಿಖರ ಇರುವುದಿಲ್ಲ. ಮುಂಗೆರಾನಿ ಬಿಟ್ಟು ನೂರು ಕಿಲೋಮೀಟರ್ ಆದಾಗ ನಿಲ್ಲಿಸಿ ನೋಡಿದೆ. ಮೂರು ಗೀಟು ಇಳಿದಿತ್ತು. ಅಂದರೆ ಆರು ಲೀಟರ್, ಹದಿನಾರು ಚಿಲ್ಲರೆ ಮೈಲೇಜ್. ಗಾಳಿ ಎದುರಿಗಿತ್ತು. ವೇಗ 95ರಿಂದ 80ಕ್ಕೆ ಇಳಿಸಿದೆ. ಮುಂದಿನ ನೂರಕ್ಕೆ ಗೆರೆ ಎರಡೂವರೆ ಗೀಟು ಮಾತ್ರ ಇಳಿಯಿತು. ಕಬ್ಬಿಣದ ಟ್ಯಾಂಕಿನಲ್ಲಿ ಇದೆಲ್ಲ ಊಹೆ. ಪೆಟ್ರೋಲ್ ಮುಗಿದ ಮೇಲೆಯೇ ಗೊತ್ತಾಗುವುದು.

ದೊಡ್ಡ ಟ್ಯಾಂಕ್ ಬಂದ ಮೇಲೆ ಲೆಕ್ಕ ಹಾಕುವುದು ನಿಲ್ಲುತ್ತದೆ ಅಂದುಕೊಂಡಿದ್ದೆ. ಜಾಸ್ತಿಯೇ ಆಯಿತು. ಆದರೆ ಅದರಲ್ಲಿ ಹೆದರಿಕೆ ಇಲ್ಲ, ಒಂಥರಾ ಮಜಾ ಇದೆ. ವೇಗಕ್ಕೂ ಗಾಳಿಗೂ ಗೆರೆಗೂ ಇರುವ ನಂಟು ಕಣ್ಣಿಗೆ ಕಾಣುತ್ತದೆ.

ತುಂಬುವಾಗಲೂ ಒಂದು ಎಚ್ಚರ ಬೇಕು. ಬಂಕಿನ ಪೆಟ್ರೋಲ್ ನೆಲದಡಿಯ ತಂಪಿನಿಂದ ಬರುತ್ತದೆ. ಪೆಟ್ರೋಲ್ ಪ್ರತಿ ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ. 20 ಡಿಗ್ರಿ ಬಿಸಿ ಏರಿದರೆ 20 ಲೀಟರ್ ಹೋಗಿ 20.4 ಆಗುತ್ತದೆ. ಕಂಠಪೂರ್ತಿ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿ ಊಟಕ್ಕೆ ಹೋದರೆ ಆ ಕಾಲು ಲೀಟರು, ಅರ್ಧ ಲೀಟರು ಗಾಳಿ ಪೈಪಿನಿಂದ ಹೊರಗೆ ಬಂದು ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಕುತ್ತಿಗೆಯಿಂದ ಎರಡು ಬೆರಳು ಕೆಳಗೆ ಬಿಡಿ.

ಮುಂದೆ ಗ್ರೇಟ್ ಸೆಂಟ್ರಲ್ ರೋಡ್ ಹೋಗುವ ಆಸೆ ಇದೆ. ಲ್ಯಾವರ್ಟನ್‌ನಿಂದ ಉಲೂರು ಬಂಡೆಯ ಪಕ್ಕದ ಯುಲಾರಾವರೆಗೆ 1,100 ಕಿಲೋಮೀಟರ್ ಮೇಲೆ. ಮೊದಲ ಬಂಕ್ ಜುಕಾಯಿರ್ಲಾದಲ್ಲಿ, ಸುಮಾರು 300 ಕಿಲೋಮೀಟರ್ ಆದ ಮೇಲೆ. ಅಲ್ಲಿಗೂ 20 ಸಾಕು. ಆ ಕಡೆ ಸಿಗುವ ಪೆಟ್ರೋಲ್ ಬೇರೆ ಥರದ್ದು, ಓಪಲ್ ಅಂತ. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಊರುಗಳಲ್ಲಿ ಹುಡುಗರು ಪೆಟ್ರೋಲ್ ಮೂಸುವ ಚಟಕ್ಕೆ ಬಿದ್ದು ಸಾಯುತ್ತಿದ್ದರು. ಮೂಸಿದರೆ ಅಮಲು ಏರಿಸುವ ಅಂಶವನ್ನು ಬಹಳಷ್ಟು ಕಡಿಮೆ ಮಾಡಿದ ಪೆಟ್ರೋಲನ್ನು 2005ರಲ್ಲಿ ತಂದರು. ಎಂಜಿನ್ನಿಗೆ ಅದು ಮಾಮೂಲಿ 91 ಆಕ್ಟೇನ್ ಪೆಟ್ರೋಲಿನ ಹಾಗೇ ನಡೆಯುತ್ತದೆ. ಟ್ಯಾಂಕ್ ಬಗ್ಗೆ ಓದಲು ಕೂತವನಿಗೆ ಈ ವಿಷಯ ಸಿಕ್ಕಿತು. ಓದಿದ ಮೇಲೆ ಸ್ವಲ್ಪ ಹೊತ್ತು ಟ್ಯಾಂಕ್ ಮರೆತೇಹೋಯಿತು.

ಊರಿನ ಗೆಳೆಯರು ಫೋನ್ ಮಾಡಿದಾಗ ಕೇಳುತ್ತಾರೆ, ಲಡಾಖ್‌ಗೆ ಹೋಗಬೇಕು, ನಮ್ಮ ಬೈಕಿಗೂ ಇಂಥದ್ದು ಹಾಕಿಸಬಹುದಾ ಅಂತ. ಬೇಡ ಅನ್ನುತ್ತೇನೆ. ಮನಾಲಿ ದಾರಿಯಲ್ಲಿ ತಾಂಡಿ ಬಂಕಿನ ಹತ್ತಿರದ ಬೋರ್ಡು ಎಲ್ಲರ ಫೋಟೋದಲ್ಲೂ ಇರುತ್ತದೆ: ಮುಂದಿನ ಬಂಕ್ 365 ಕಿಲೋಮೀಟರ್. ಹಳೇ 411 ಹಿಮಾಲಯನ್ ಟ್ಯಾಂಕ್ 15 ಲೀಟರಿನದು. ಮೈಲೇಜ್ 25 ಅಂತ ಹಿಡಿದರೂ 375 ಬರುತ್ತದೆ. ಬಿಗಿ ಲೆಕ್ಕ, ಆದರೆ ಮುಂದಿನ ರ‍್ಯಾಕಿಗೆ ಒಂದು ಕ್ಯಾನ್ ಕಟ್ಟಿದರೆ ನಿರಾಳ. ನಮ್ಮ ಬೈಕುಗಳ ಮೈಲೇಜೇ ನಮ್ಮ ದೊಡ್ಡ ಟ್ಯಾಂಕ್. ಇನ್ನೊಂದು, ಅಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಅನ್ನುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟ, ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಈಗ ಎಲ್ಲ ಕಡೆ ಬಂದಿದೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಹಳೇ ಮೈಲೇಜ್ ನಂಬಿಕೊಂಡು ತಾಂಡಿ ಬಿಡಬೇಡಿ, ಹೋಗುವ ಮುಂಚೆ ಈಗಿನ ಪೆಟ್ರೋಲಿನಲ್ಲಿ ಒಂದು ಸಲ ಅಳೆದು ನೋಡಿ ಅನ್ನುತ್ತೇನೆ. ಅವರಿಗೆ ಬೇಕಾಗಿದ್ದದ್ದು ಟ್ಯಾಂಕು, ನಾನು ಕೊಡುವುದು ಗಣಿತ. ಫೋನ್ ಬೇಗ ಇಡುತ್ತಾರೆ.

ಹಳೇ ಕಬ್ಬಿಣದ ಟ್ಯಾಂಕ್ ಏನಾಯಿತು ಅಂತ ಕೇಳಬಹುದು. ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಎಲ್ಲ ಕಡೆ ಹರಿಯುವ ಹಾಗೆ ಉರುಳಿಸಿ, ಕಾಕ್ ತೂತಿಗೆ ರಬ್ಬರ್ ಬಿರಡೆ ಬಡಿದು ಶೆಡ್ಡಿನ ಅಟ್ಟಕ್ಕೆ ಹಾಕಿದ್ದೇನೆ. ಆಯಿಲ್ ಇಲ್ಲದೆ ಇಟ್ಟರೆ ಒಂದು ಮಳೆಗಾಲಕ್ಕೇ ಒಳಗೆ ತುಕ್ಕು ಪುಡಿ ಶುರುವಾಗುತ್ತದೆ. ಪಕ್ಕದ ಹೊದಿಕೆಗಳು, ಹಳೇ ಕಾಕ್, ಎಳೆತದ ಪೈಪ್, ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಅದಕ್ಕೇ ತೂಗುಹಾಕಿದ್ದೇನೆ. ಬೈಕ್ ಮಾರುವ ದಿನ ಬಂದರೆ ಕೊಳ್ಳುವವನಿಗೆ ಎರಡರಲ್ಲಿ ಒಂದು ಆರಿಸಿಕೊಳ್ಳಲು ಹೇಳುತ್ತೇನೆ. ಅವನು ಊರಿನೊಳಗೇ ಓಡಾಡುವವನಾದರೆ ಕಬ್ಬಿಣದ್ದೇ ಕಟ್ಟಿ ಕಳಿಸುತ್ತೇನೆ. ಎರಡೂ ಬೇಕು ಅಂದರೆ ದುಡ್ಡು ಜಾಸ್ತಿ ಕೊಡಲಿ.